ಶ್ರೀಶೈಲದ ಹಾದಿಯಲ್ಲಿ ಮೂರು ಕಲ್ಲಿನ ಒಲೆ

ಯಾತ್ರೆಯೆಂದೊಡನೆ ಗುಡಿಯ ಶಿಖರ, ತೇರು, ಜನಸಾಗರ ಇವು ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೋಗಿಬಂದ ಹಿರಿಯರನ್ನು ಮಾತಿಗೆಳೆದರೆ, ಗುಡಿಯ ಮಾತಿಗಿಂತ ಮೊದಲು ಅವರು ಹಾದಿಯ ಮಾತನ್ನಾಡುವರು. ಹಾದಿಯ ಮಾತಿನಲ್ಲಿಯೂ ಬಿಸಿಲು, ಬೊಬ್ಬೆಗಳಿಗಿಂತ ಮೊದಲು ಬೆಳಗಿನ ರೊಟ್ಟಿಯನ್ನು ನೆನೆಯುವರು. ಬಯಲಿನಲ್ಲಿ ಮೂರು ಕಲ್ಲು ಹೂಡಿ, ಮೇಲೆ ಕಬ್ಬಿಣದ ಹಂಚನ್ನಿಟ್ಟು, ಹೊತ್ತು ಮೂಡುವ ವೇಳೆಗೆ ಬಡಿದು ಬೇಯಿಸಿದ ಆ ರೊಟ್ಟಿಯ ರುಚಿ ಮನೆಯ ರೊಟ್ಟಿಗೆ ಬಾರದೆಂಬುದು ಅವರ ಅನುಭವದ ಮಾತು. ಆ ಒಲೆಯನ್ನು ಹೊತ್ತಿಸುವ ಬಗೆಯನ್ನೂ, ಅದಕ್ಕಿಂತ ಮಿಗಿಲಾಗಿ ಅದನ್ನು ಆರಿಸುವ ಹೊಣೆಯನ್ನೂ ಶರಣ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಲ್ಲಯ್ಯನ ಹಾದಿ

ಶ್ರೀಶೈಲವು ಆಂಧ್ರಪ್ರದೇಶದಲ್ಲಿ, ಕೃಷ್ಣಾ ನದಿಯ ಬಲದಂಡೆಯ ಮೇಲೆ, ನಲ್ಲಮಲ ಬೆಟ್ಟಸಾಲಿನ ನಡುವೆ ಇದೆ. ಮೊದಲು ಕರ್ನೂಲು ಜಿಲ್ಲೆಗೆ ಸೇರಿದ್ದ ಈ ಕ್ಷೇತ್ರವು 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನೂ ಭ್ರಮರಾಂಬೆಯೂ ಇಲ್ಲಿ ನೆಲೆಸಿದ್ದಾರೆ. ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ಒಲಿದ ಅಕ್ಕಮಹಾದೇವಿಯು 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಹೊರಟು ಇಲ್ಲಿಯ ಕದಳಿಯಲ್ಲಿ ಐಕ್ಯಳಾದಳೆಂಬುದು ನಮ್ಮ ಮನೆಮನೆಯ ಮಕ್ಕಳಿಗೂ ತಿಳಿದ ಸಂಗತಿ.

ಗಡಿಯ ಆಚೆಗಿದ್ದರೂ ಈ ಕ್ಷೇತ್ರ ಕನ್ನಡಿಗರಿಗೆ ಪರಸ್ಥಳವಲ್ಲ. ಉಗಾದಿಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ, ಕಲಬುರಗಿ, ರಾಯಚೂರು ಸೀಮೆಗಳಿಂದಲೂ ಸೊಲ್ಲಾಪುರದ ಕಡೆಯಿಂದಲೂ ಭಕ್ತರು ಲಕ್ಷಗಟ್ಟಲೆಯಾಗಿ ಹೋಗುವರು. ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು ನಡೆಯುವವರುಂಟು. ಹರಕೆ ಹೊತ್ತು ಮರಗಾಲು ಕಟ್ಟಿ ನಡೆಯುವವರೂ ಉಂಟು. ಭ್ರಮರಾಂಬೆಯನ್ನು ಕನ್ನಡ ನಾಡಿನ ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸಿ, ತಾಯಂದಿರು ತವರಿನ ಉಡುಗೊರೆಯಾಗಿ ಸೀರೆ, ಕುಪ್ಪಸ, ಅರಿಸಿನ ಕುಂಕುಮಗಳನ್ನು ಒಯ್ಯುವರು. ಈ ಸಂಬಂಧದ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಅಗತ್ಯ ಬೀಳುವುದು.

ಊರು ಎಷ್ಟು ದೂರವೋ ಅಷ್ಟು ದಿನಗಳ ನಡಿಗೆ. ಬಾಗಲಕೋಟೆಯ ಕಡೆಯವರು ಹುನಗುಂದ, ಲಿಂಗಸುಗೂರು, ರಾಯಚೂರುಗಳನ್ನು ಹಾಯ್ದು, ಕರ್ನೂಲಿನ ಬಳಿ ತುಂಗಭದ್ರೆಯನ್ನು ದಾಟಿ, ಆತ್ಮಕೂರಿಗೆ ಬರುವರು. ಅಲ್ಲಿಯವರೆಗೆ ಹೊಲ, ಹಳ್ಳಿ, ಹೆದ್ದಾರಿ. ಅಲ್ಲಿಂದ ಮುಂದೆ ಕಾಡು. ವೀರಭದ್ರನ ಗುಡಿಯಿರುವ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ ಇವುಗಳನ್ನು ದಾಟಿ, ಕೈಲಾಸದ್ವಾರವನ್ನೇರಿದರೆ ಶ್ರೀಶೈಲ. ಈ ಕ್ಷೇತ್ರಕ್ಕೆ ಬರುವ ಯಾತ್ರಿಕರಿಗಾಗಿ ಮೆಟ್ಟಿಲುಗಳನ್ನು ಕಟ್ಟಿಸಿದ ಪುಣ್ಯ 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನಿಗೆ ಸಲ್ಲುವುದು.

ಬೆಳಗಿನ ಊಟವೇ ಏಕೆ?

ಉಗಾದಿಯು ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬರುವ ಹಬ್ಬ. ರಾಯಚೂರು, ಕರ್ನೂಲು ಸೀಮೆಗಳಲ್ಲಿ ಆ ಹೊತ್ತಿಗೆ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದು ಹೊಸತಲ್ಲ. ಆದಕಾರಣ ಪಾದಯಾತ್ರಿಗಳು ನಸುಕಿನ ಮೂರು ಗಂಟೆಗೇ ಎದ್ದು ತಂಪಿನಲ್ಲಿ ನಡೆಯುವರು. ಎಂಟು ಗಂಟೆಯ ಸುಮಾರಿಗೆ ನೀರಿರುವ ತಾಣದಲ್ಲಿ ನಿಂತು, ಮೈತೊಳೆದು, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಯನ್ನು ಮುಗಿಸಿ ಊಟಕ್ಕೆ ಕೂಡುವರು. ಮಧ್ಯಾಹ್ನದ ಉರಿಯಲ್ಲಿ ಹಸಿವು ಮುಚ್ಚಿಹೋಗುವುದು. ನೀರು, ಮಜ್ಜಿಗೆಯ ಹೊರತು ಬೇರೇನೂ ಗಂಟಲಿಗೆ ಇಳಿಯದು. ಸಂಜೆಯ ನಡಿಗೆಯ ಬಳಿಕ ದಣಿವೇ ಹೆಚ್ಚು. ಹೀಗಾಗಿ ದಿನದ ಬಲವೆಲ್ಲ ಬೆಳಗಿನ ಊಟದಲ್ಲಿಯೇ ಅಡಗಿದೆ. ಅದು ತಿಂಡಿಯಲ್ಲ, ಹೊಟ್ಟೆ ತುಂಬುವ ಊಟ.

ಆ ಊಟಕ್ಕೆ ಜೋಳಕ್ಕಿಂತ ಯೋಗ್ಯವಾದ ಧಾನ್ಯವಿಲ್ಲ. ಹಿಂಗಾರಿಯ ಬಿಳಿಜೋಳದ ರಾಶಿ ಮುಗಿದು ಹೊಸ ಕಾಳು ಮನೆಗೆ ಬಂದಿರುವ ಕಾಲವದು. ನಮ್ಮ ಕಡೆಯ ಕರಿನೆಲದಲ್ಲಿ ಬೆಳೆಯುವ ಮಾಲದಂಡಿ ಜೋಳದ ಹಿಟ್ಟು ಬೆಳ್ಳಗೆ, ಸವಿಯಾಗಿರುವುದು. ಜೋಳದ ಊಟ ನಿಧಾನವಾಗಿ ಅರಗುವುದರಿಂದ ನಡೆಯುವವನಿಗೆ ಹೊತ್ತೇರುವ ತನಕ ಹಸಿವಿನ ಬಾಧೆಯಿಲ್ಲ.

ಒಲೆ ಹೂಡುವ ಕ್ರಮ

ಬಯಲಿನಲ್ಲಿ ಒಲೆ ಹೂಡುವುದು ಕಂಡಷ್ಟು ಸುಲಭದ ಕೆಲಸವಲ್ಲ. ಕಲ್ಲುಗಳು ಸಮನಾದ ಎತ್ತರದವಾಗಿರಬೇಕು. ಇಲ್ಲವಾದರೆ ಹಂಚು ಓರೆಯಾಗಿ ಒಂದು ಮಗ್ಗುಲು ಸುಟ್ಟು ಇನ್ನೊಂದು ಮಗ್ಗುಲು ಹಸಿಯುಳಿಯುವುದು. ಹಳ್ಳದೊಳಗಿನ, ನೀರಿನಲ್ಲಿ ನೆನೆದ ಕಲ್ಲನ್ನು ತರಬಾರದು; ಕಾವು ತಗಲಿದೊಡನೆ ಅದು ಸಿಡಿಯುವುದುಂಟು. ಒಲೆಯ ಬಾಯಿ ಗಾಳಿ ಬರುವ ಕಡೆಗಿದ್ದರೆ ಉರಿ ಚೆನ್ನಾಗಿ ಹಿಡಿಯುವುದು. ಗಾಳಿ ಜೋರಾಗಿದ್ದರೆ ಮಾತ್ರ ಕಲ್ಲನ್ನೋ ತಗಡನ್ನೋ ಮರೆಯಾಗಿಟ್ಟು ಕಿಡಿ ಹಾರದಂತೆ ನೋಡಿಕೊಳ್ಳಬೇಕು. ಎಸರಿನ ಪಾತ್ರೆಯ ಹೊರಮೈಗೆ ಕೆಸರು ಮಣ್ಣನ್ನು ಸವರಿಟ್ಟರೆ ಮಸಿ ಅಂಟದೆ, ತೊಳೆಯಲು ನೀರು ಹೆಚ್ಚು ಬೇಕಾಗದು. ನೀರು ಹೊತ್ತು ತರಬೇಕಾದ ತಾಣಗಳಲ್ಲಿ ಇದು ಸಣ್ಣ ಲಾಭವಲ್ಲ.

ಉರುವಲಿನಲ್ಲಿಯೂ ವಿವೇಚನೆ ಬೇಕು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳು ಬೇಗ ಹೊತ್ತಿ ಭರದಿಂದ ಉರಿಯುವವು. ಎಸರು ಕಾಯಿಸಲು ಅವು ಸಾಕು. ರೊಟ್ಟಿಗೆ ಬೇಕಾದದ್ದು ಹಂಚಿನಡಿ ಹದವಾದ ಉರಿ ಮತ್ತು ಒಲೆಯ ಬಾಯಲ್ಲಿ ಒಳ್ಳೆಯ ಕೆಂಡ. ಅದಕ್ಕೆ ಜಾಲಿಯ ಕಟ್ಟಿಗೆಯೇ ಉತ್ತಮ. ಇವೆಲ್ಲವೂ ಹೊಲಸೀಮೆಯ ಉರುವಲುಗಳೆಂಬುದನ್ನು ಗಮನಿಸಬೇಕು. ತಿಳಿದ ತಂಡಗಳು ಇವನ್ನು ಊರಿನಿಂದಲೇ ಬಂಡಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಬರುವವು.

ಹಂಚಿನ ಮೇಲೆ

ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಜಿಗುಟು ಇಲ್ಲ. ಅದನ್ನು ಕೂಡಿಸುವುದು ಕುದಿಯುವ ಎಸರು. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ, ಉಪ್ಪು ಹಾಕಿದ ಕುದಿನೀರನ್ನು ಸುರಿದು, ಕೈಗೆ ತಾಳುವಷ್ಟು ಆರಿದೊಡನೆ ಅಂಗೈಯಿಂದ ಒತ್ತಿ ನಾದಬೇಕು. ನಾದಿದಷ್ಟೂ ರೊಟ್ಟಿಯ ಅಂಚು ಒಡೆಯದು. ಬಳಿಕ ಒಣಹಿಟ್ಟು ಉದುರಿಸಿ, ತಿರುಗಿಸುತ್ತ ಬಡಿದು, ಹಿಟ್ಟು ಹತ್ತಿದ ಮೈ ಮೇಲಾಗುವಂತೆ ಕಾದ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಸವರುವರು. ಆ ನೀರು ಆರಿದೊಡನೆ ಮಗುಚಿ, ಎರಡೂ ಮೈ ಬೆಂದ ಮೇಲೆ ಒಲೆಯ ಬಾಯ ಕೆಂಡಕ್ಕೆ ಒರಗಿಸಿದರೆ ರೊಟ್ಟಿ ಪೂರಿಯಂತೆ ಉಬ್ಬುವುದು.

ಲೆಕ್ಕವೂ ಮುಖ್ಯ. ಒಂದು ಕಿಲೋ ಹಿಟ್ಟಿಗೆ ಹತ್ತು ಹನ್ನೆರಡು ರೊಟ್ಟಿಗಳಾಗುವವು. ಮೂವತ್ತು ಜನರ ತಂಡಕ್ಕೆ ತಲೆಗೆ ಮೂರರಂತೆ ತೊಂಬತ್ತು ರೊಟ್ಟಿ, ಎಂದರೆ ಎಂಟು ಒಂಬತ್ತು ಕಿಲೋ ಹಿಟ್ಟು. ಒಂದು ರೊಟ್ಟಿಗೆ ಎರಡು ನಿಮಿಷವೆಂದರೂ ಒಂದೇ ಹಂಚಿನ ಮುಂದೆ ಮೂರು ತಾಸು ಕೂಡಬೇಕಾಗುವುದು. ಹೀಗಾಗಿ ಮೂರು ಒಲೆ, ಮೂರು ಹಂಚು. ಒಬ್ಬರು ನಾದಲು, ಮೂವರು ಬಡಿಯಲು, ಇಬ್ಬರು ಉರಿಗೆ. ಬಹುಪಾಲು ಈ ದುಡಿಮೆ ತಾಯಂದಿರ ಪಾಲಿಗೇ ಬರುವುದು. ಅವರೂ ಎಲ್ಲರಂತೆ ನಡೆದೇ ಬಂದವರು, ಅವರ ಅಂಗಾಲಿನಲ್ಲಿಯೂ ಬೊಬ್ಬೆಗಳಿವೆ ಎಂಬುದನ್ನು ಗಂಡಸರು ಮರೆಯಬಾರದು. ನೀರು ತರುವುದು, ಕಟ್ಟಿಗೆ ಸೀಳುವುದು, ಪಾತ್ರೆ ಬೆಳಗುವುದು ಇವನ್ನು ಗಂಡಸರೇ ವಹಿಸಿಕೊಂಡ ತಂಡಗಳುಂಟು. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವೆಣಿಸದ ಶರಣರ ಹಾದಿಗೆ ಅದೇ ತಕ್ಕದ್ದು.

ರೊಟ್ಟಿಯ ಜೊತೆಗೆ ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕೆಂಪು ಮೆಣಸಿನಕಾಯಿಯ ರಂಜಕ, ಕೆಂಡದಲ್ಲಿ ಸುಟ್ಟ ಬದನೆಕಾಯಿ, ಸಿಕ್ಕರೆ ಗಟ್ಟಿ ಮೊಸರು. ಮಕ್ಕಳೂ ಮುದುಕರೂ ಹಂಬಲಿಸುವುದು ಮುಟಗಿಗೆ. ತುಸು ದಪ್ಪನಾಗಿ ಬಡಿದ ರೊಟ್ಟಿಯನ್ನು ಹಂಚಿನಿಂದ ಇಳಿಸಿದೊಡನೆ ಮುರಿದು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ, ತುಪ್ಪವನ್ನೋ ಎಣ್ಣೆಯನ್ನೋ ಬಿಟ್ಟು ಬಿಸಿಯಿರುವಾಗಲೇ ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟುವರು. ತಾಟು ಬೇಡ, ಪಲ್ಯ ಬೇಡ. ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನಬಹುದು.

ಹಾದಿಯ ಊರುಗಳಲ್ಲಿ ಇಂಥ ಒಲೆಗಳು ತಂಡದವರಿಗಷ್ಟೇ ಉರಿಯುವುದಿಲ್ಲ. ಮನೆಯ ಮುಂದೆ, ಹೊಲದ ಬದುವಿನಲ್ಲಿ, ಹೆದ್ದಾರಿಯ ಅಂಚಿನಲ್ಲಿ ಹಂದರ ಹಾಕಿ, ಹೋಗಿಬರುವವರನ್ನೆಲ್ಲ ಕರೆದು ನೀಡುವರು. “ಬರ್ರಿ ಯಪ್ಪಾ, ಹಸಕೊಂಡು ಹೋಗಬ್ಯಾಡ್ರಿ, ಒಂದು ರೊಟ್ಟಿ ತಗೊಂಡು ಹೋಗ್ರಿ” ಎಂದು ಕರೆಯುವ ತಾಯಿಗೆ ಬಂದವನ ಊರು ತಿಳಿಯದು, ಹೆಸರು ತಿಳಿಯದು, ಜಾತಿಯಂತೂ ಬೇಡವೇ ಬೇಡ. ಅವಳ ಪಾಲಿಗೆ ನಡೆದು ಬಂದವರೆಲ್ಲರೂ ಮಲ್ಲಯ್ಯನೇ. ದಾಸೋಹವೆಂಬ ಮಾತಿಗೆ ಇದಕ್ಕಿಂತ ತಿಳಿಯಾದ ವ್ಯಾಖ್ಯಾನ ಬೇಕಿಲ್ಲ.

ನವಣೆಯ ಹೊಲದ ಅತಿಥಿ

ಬಯಲಿನಲ್ಲಿ ಹಸಿದವನಿಗೆ ಉಣಿಸುವುದಕ್ಕೂ ಶ್ರೀಶೈಲದ ಹಾದಿಗೂ ಇರುವ ನಂಟು ಹಳೆಯದು. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಬರುವ ಪ್ರಸಂಗವನ್ನು ಹಿರಿಯರು ಕೇಳಿಯೇ ಇರುವರು. ಸೊನ್ನಲಿಗೆಯ ಬಾಲಕ ಸಿದ್ಧರಾಮ ನವಣೆಯ ಹೊಲವನ್ನು ಕಾಯುತ್ತಿರುವಾಗ ಮಲ್ಲಯ್ಯನು ಜಂಗಮರೂಪದಲ್ಲಿ ಬರುವನು. ಬಾಲಕ ಹೊಲದ ತೆನೆಯಿಂದಲೇ ಅತಿಥಿಯನ್ನು ಸತ್ಕರಿಸುವನು. ಅತಿಥಿ ಮಜ್ಜಿಗೆ ಅನ್ನ ಬೇಕೆನ್ನಲು, ಬಾಲಕ ಮನೆಗೆ ಓಡಿ ಅದನ್ನು ತರುವನು. ಬಂದು ನೋಡಿದರೆ ಅತಿಥಿ ಇಲ್ಲ! “ಮಲ್ಲಯ್ಯಾ” ಎಂದು ಕೂಗುತ್ತ ಅಲೆಯುವ ಬಾಲಕ ಯಾತ್ರಿಕರ ಜೊತೆಗೂಡಿ ಶ್ರೀಶೈಲಕ್ಕೆ ನಡೆಯುವನು. ಅಲ್ಲಿ ಮಲ್ಲಯ್ಯನ ದರ್ಶನ ಅವನಿಗಾಗುವುದು. ಸಿದ್ಧರಾಮನನ್ನು ಶ್ರೀಶೈಲಕ್ಕೆ ನಡೆಸಿದ್ದು ಶಾಸ್ತ್ರವಲ್ಲ, ಹರಕೆಯಲ್ಲ. ಹಸಿದವನೊಬ್ಬನಿಗೆ ಉಣಿಸಬೇಕೆಂಬ ಹಂಬಲ. ಹಾದಿಯಲ್ಲಿ ಒಲೆ ಹೂಡುವ ಪ್ರತಿಯೊಬ್ಬರೂ ಆ ಬಾಲಕನ ಬಳಗದವರೇ ಸರಿ.

ಕಾಡಿನ ಅಂಚಿನಲ್ಲಿ

ಇಷ್ಟರವರೆಗೆ ಹೇಳಿದ್ದು ಹೊಲಸೀಮೆಯ ಮಾತು. ಆತ್ಮಕೂರು ದಾಟಿದ ಮೇಲೆ ಒಲೆಯ ಧರ್ಮ ಬೇರೆಯಾಗುವುದು.

ನಲ್ಲಮಲದ ಕಾಡು ಎಲೆಯುದುರುವ ಒಣಕಾಡು. ತೇಗ, ಮತ್ತಿ, ದಿಂಡಿಗ, ಬಿದಿರುಗಳು ಬೇಸಗೆಯಲ್ಲಿ ಎಲೆ ಕಳಚಿ ನೆಲವೆಲ್ಲ ತರಗೆಲೆಯ ಹಾಸಾಗುವುದು. ಹುಲ್ಲು ಒಣಗಿ ಕಡ್ಡಿಯಾಗುವುದು. ಸರಿಯಾಗಿ ಅದೇ ಕಾಲಕ್ಕೆ ನಮ್ಮ ಯಾತ್ರೆ. ಈ ಕಾಡು 1983ರಿಂದ ಹುಲಿ ಯೋಜನೆಗೆ ಸೇರಿದ ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಹುಲಿ, ಚಿರತೆ, ಕರಡಿ, ಕಡವೆಗಳ ಮನೆಯಿದು. ಚೆಂಚು ಜನರ ಮನೆಯೂ ಹೌದು. ಅವರೂ ಮಲ್ಲಿಕಾರ್ಜುನನನ್ನು ‘ಚೆಂಚು ಮಲ್ಲಯ್ಯ’ನೆಂದು ಕರೆದು ತಮ್ಮ ನೆಂಟನೆಂದೇ ಭಾವಿಸುವರು. ಜೇನು, ಗೆಡ್ಡೆ, ಕಾಯಿ, ಅಂಟು ಇವುಗಳನ್ನು ಈ ಕಾಡಿನಿಂದ ಸಂಗ್ರಹಿಸಿ ಬಾಳಿಕೊಂಡು ಬಂದವರು ಅವರು. ಒಂದು ಕಿಡಿ ತರಗೆಲೆಗೆ ಬಿದ್ದು ನೆಲಬೆಂಕಿ ಹಬ್ಬಿದರೆ, ಸುಡುವುದು ಎಳೆಯ ಸಸಿಗಳಷ್ಟೇ ಅಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ ಸುಡುವುದು, ಚೆಂಚು ಕುಟುಂಬದ ಬದುಕಿನ ಆಸರೆ ಸುಡುವುದು. ಅದೇ ಹಾದಿಯಲ್ಲಿ ಹಿಂದೆ ಬರುತ್ತಿರುವ ಯಾತ್ರಿಕರ ಪ್ರಾಣಕ್ಕೂ ಅಪಾಯ ತಪ್ಪಿದ್ದಲ್ಲ.

ಆದುದರಿಂದ ಬಿಸಿರೊಟ್ಟಿಯ ಒಲೆ ಕಾಡಿನ ಅಂಚಿನ ಊರಿಗೇ ಕೊನೆಯಾಗುವುದು ಮೇಲು. ಒಳಗಿನ ನಡಿಗೆಗೆ ನಮ್ಮ ಹಿರಿಯರು ಉಪಾಯವನ್ನು ಎಂದೋ ಕಂಡುಕೊಂಡಿದ್ದಾರೆ. ಅದೇ ಕಟಕ ರೊಟ್ಟಿ. ತೆಳ್ಳಗೆ ಬಡಿದು, ಹಂಚಿನ ಮೇಲೆ ಪೂರ್ತಿ ಒಣಗಿಸಿ ಗರಿಗರಿಯಾಗಿಸಿದ ಈ ರೊಟ್ಟಿಯಲ್ಲಿ ನೀರಿನಂಶ ಇಲ್ಲದ್ದರಿಂದ ಹಲವು ದಿನ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಒಂದು ಈರುಳ್ಳಿ ಇದ್ದರೆ ಕಾಡಿನ ಎರಡು ಬೆಳಗುಗಳ ಊಟ ಮುಗಿಯಿತು. ಬೆಂಕಿ ಬೇಡ, ಪಾತ್ರೆ ಬೇಡ. ಉಗಾದಿಗೆ ಮುನ್ನ ಓಣಿಯ ತಾಯಂದಿರೆಲ್ಲ ಕೂಡಿ ರೊಟ್ಟಿ ಬಡಿಯುವ ರೂಢಿ ಇರುವಲ್ಲಿ ಅದನ್ನು ಉಳಿಸಿಕೊಳ್ಳಬೇಕು. ಬಿಟ್ಟುಹೋದಲ್ಲಿ ಮತ್ತೆ ಹಿಡಿಯಬೇಕು.

ಹೀಗೆಂದ ಮಾತ್ರಕ್ಕೆ ಕಾಡಿನೊಳಗೆ ಸೇವೆ ಸಲ್ಲಿಸುವ ದಾಸೋಹಿಗಳನ್ನು ನಿಂದಿಸಬೇಕಾಗಿಲ್ಲ. ಸಾವಿರಾರು ಜನ ನಡೆಯುವ ಹಾದಿಯಲ್ಲಿ ಮುದುಕರಿಗೆ, ನಿತ್ರಾಣರಾದವರಿಗೆ ಬಿಸಿ ಊಟ ಬೇಕಾಗುವುದು. ಅರಣ್ಯ ಇಲಾಖೆಯವರು ತೋರಿದ ತಾಣದಲ್ಲಿ, ಅವರು ಒಪ್ಪಿದ ಬಗೆಯಲ್ಲಿ ಮಾತ್ರ ಒಲೆ ಹೊತ್ತಿಸುವುದು ಅವರ ಹೊಣೆ. ಸುತ್ತಲಿನ ತರಗೆಲೆಯನ್ನು ಹತ್ತು ಹೆಜ್ಜೆಯವರೆಗೆ ಗುಡಿಸಿ ಬರಿನೆಲ ಮಾಡಿಕೊಳ್ಳಬೇಕು. ತುಂಬಿದ ಕೊಡಗಳನ್ನು ಒಲೆಯ ಬದಿಯಲ್ಲಿಯೇ ಇಟ್ಟಿರಬೇಕು. ಹೊತ್ತೇರಿ ಗಾಳಿ ಬಲವಾಗುವ ಮುನ್ನವೇ ಅಡಿಗೆ ಮುಗಿಯಬೇಕು. ಕಾಡಿನ ಮರಕ್ಕೆ ಕೊಡಲಿ ಹಾಕಕೂಡದು.

ಉರುವಲಿನ ವಿಷಯದಲ್ಲಿ ನಮಗೆ ದಾರಿ ತೋರಲು ಶರಣರೇ ಇದ್ದಾರೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದ ಮೋಳಿಗೆಯ ಮಾರಯ್ಯ ಕಟ್ಟಿಗೆ ಹೊತ್ತು ಮಾರಿ ಬಂದ ಹಣದಿಂದ ದಾಸೋಹ ನಡೆಸಿದನು. ತಾನೇ ಹೊತ್ತು ತಂದವನಿಗೆ ಒಂದೊಂದು ಸೌದೆಯ ಬೆಲೆಯೂ ತಿಳಿದಿರುವುದು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಇದೇ ಹಾದಿಯ ಬದಿಯ ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಹೇಳುವರು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ದಾಸೋಹದ ಹೆಸರಿನಲ್ಲಿಯೂ ಅತಿಯಾಗಿ ತರಬಾರದೆಂದ ಆ ತಾಯಿ ಇಂದು ಈ ಕಾಡಿನಲ್ಲಿದ್ದರೆ, ಹೆಚ್ಚಿನ ಒಂದು ಸೌದೆಯನ್ನೂ ಒಲೆಗೆ ಇಡಗೊಡುತ್ತಿರಲಿಲ್ಲ.

ಆರಿಸುವ ಸೇವೆ

ಒಲೆ ಹೊತ್ತಿಸುವಾಗ ಹತ್ತು ಕೈಗಳಿರುವವು. ಆರಿಸುವಾಗ ಒಂದು ಕೈಯೂ ಇರದು. ಉಂಡವರು ಎದ್ದು ಹೊರಡುವ ಅವಸರದಲ್ಲಿರುವರು, ಬಡಿಸಿದವರು ದಣಿದಿರುವರು. ಮೇಲೊಂದು ಹಿಡಿ ಮಣ್ಣು ಚೆಲ್ಲಿದರೆ ಮುಗಿಯಿತೆಂದು ಬಗೆಯುವುದು ಸಾಮಾನ್ಯ. ಈ ಮಾತು ಸರಿಯಲ್ಲವೆಂಬುದಕ್ಕೆ ನಮ್ಮ ಹಳೆಯ ಅಡಿಗೆಮನೆಯೇ ಸಾಕ್ಷಿ. ಬೆಂಕಿಪೆಟ್ಟಿಗೆ ದುಬಾರಿಯಾಗಿದ್ದ ಕಾಲದಲ್ಲಿ ಅಜ್ಜಿಯರು ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗುವರು. ಬೆಳಗಿನಲ್ಲಿ ಕೆದಕಿ ಊದಿದರೆ ಅದೇ ಕೆಂಡದಿಂದ ಒಲೆ ಹೊತ್ತುವುದು. ಮುಚ್ಚುವುದು ಬೆಂಕಿಯನ್ನು ಉಳಿಸುವ ಉಪಾಯ, ಆರಿಸುವ ಉಪಾಯವಲ್ಲ. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತು ಹುಟ್ಟಿದ್ದೇ ಹೀಗೆ.

ಆದಕಾರಣ ಕ್ರಮವಿದು: ಉರಿಯುವ ಕೊಳ್ಳಿಗಳನ್ನು ಎಳೆದು ಬೇರೆ ಬೇರೆ ಮಾಡಿ ನೀರು ಹಾಕಬೇಕು. ಕೆಂಡಕ್ಕೆ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ಸುರಿಯಬೇಕು. ಹೊಗೆಯೂ ಸದ್ದೂ ನಿಂತ ಮೇಲೆ ಹಿಂಗೈಯನ್ನು ಹತ್ತಿರ ಹಿಡಿದು ಕಾವು ಇದೆಯೇ ಎಂದು ನೋಡಬೇಕು. ಕಾವಿದ್ದರೆ ಇನ್ನೊಂದು ಕೊಡ. ಕಲ್ಲುಗಳನ್ನು ಮಗುಚಿ ಅವುಗಳ ಅಡಿಯ ಕೆಂಡವನ್ನೂ ನೋಡಬೇಕು. ಅನಂತರವೇ ಮಣ್ಣು. ಒಂದೊಂದು ತಂಡವೂ ಈ ಸೇವೆಗೆಂದೇ ಇಬ್ಬರನ್ನು ನೇಮಿಸಿ, ಅವರು ಹೊರಡುವ ತನಕ ಕಂಬಿ ಏಳಕೂಡದೆಂಬ ಕಟ್ಟಳೆಯನ್ನು ಮಾಡಿಕೊಂಡರೆ ಎಷ್ಟು ಚೆನ್ನ! ಜೊತೆಗೆ ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿಗಳನ್ನು ಹಾದಿಯಲ್ಲಿ ಬಿಡದೆ ಕಟ್ಟಿಕೊಂಡು ತರುವುದೂ ಆ ಇಬ್ಬರ ಮೇಲ್ವಿಚಾರಣೆಗೆ ಸೇರಲಿ. ತಾಟನ್ನು ತೊಳೆದು ಆ ನೀರನ್ನೂ ಕುಡಿದು ಪ್ರಸಾದದ ಒಂದು ಅಗುಳನ್ನೂ ಕೆಡಿಸದ ಪದ್ಧತಿ ನಮ್ಮದು. ಪ್ರಸಾದ ಬೆಂದ ನೆಲವನ್ನು ಕೆಡಿಸದಿರುವುದು ಅದೇ ಪದ್ಧತಿಯ ಮುಂದಿನ ಹೆಜ್ಜೆ.

ಈ ಕಾಡುದಾರಿ ನಮ್ಮ ಹಕ್ಕಿನ ಆಸ್ತಿಯಲ್ಲ. ಯಾತ್ರೆಯ ಕಾಲದಲ್ಲಿ ಇಲಾಖೆಯ ಅನುಮತಿಯಿಂದ ನಾವು ನಡೆಯುತ್ತಿರುವ ದಾರಿ. ನಮ್ಮ ಒಲೆಯಿಂದ ಬೆಂಕಿ ಬಿದ್ದಿತೆಂಬ ಮಾತು ಬಂದರೆ, ಅಕ್ಕ ನಡೆದ ಬೆಟ್ಟಕ್ಕೆ ನಮ್ಮ ಮಕ್ಕಳು ಕಾಲ್ನಡಿಗೆಯಲ್ಲಿ ಹೋಗುವ ಭಾಗ್ಯವೇ ತಪ್ಪೀತು. ಅದಕ್ಕಿಂತ ಮಿಗಿಲಾದ ಮಾತೊಂದಿದೆ. ಭ್ರಮರಾಂಬೆ ನಮ್ಮ ಮನೆಮಗಳೆಂದು ಸೀರೆ, ಕುಪ್ಪಸ ಹೊತ್ತು ನಡೆಯುವವರು ನಾವು. ನಲ್ಲಮಲದ ಕಾಡು ಆ ಮಗಳ ಅಂಗಳ. ಉಡುಗೊರೆ ತಂದ ತವರಿನವರು ಮಗಳ ಅಂಗಳದಲ್ಲಿ ಕೆಂಡ ಬಿಟ್ಟು ಹೋಗುವರೇ?

ಬರುವ ಉಗಾದಿಗೆ ಕಂಬಿ ಕಟ್ಟುವ ಬಂಧುಗಳು ಜೋಳದ ಹಿಟ್ಟು, ಹಂಚು, ಶೇಂಗಾ ಹಿಂಡಿಗಳ ಜೊತೆಗೆ ಎರಡು ಖಾಲಿ ಕೊಡ, ಒಂದು ಸಲಿಕೆಯನ್ನೂ ಬಂಡಿಗೆ ಹೇರಿಕೊಳ್ಳಲಿ. ಒಲೆಯ ಬೂದಿ ತಣ್ಣಗಾದ ಮೇಲೆಯೇ ಆ ಬೆಳಗಿನ ದಾಸೋಹ ಪೂರ್ಣವಾಯಿತೆಂದು ತಿಳಿಯಲಿ.